ಶನಿವಾರದ ಬಟವಾಡೆ

ಎಂಬತ್ತೇಳನೇ ಇಸವಿಯಲ್ಲಿ ಬಂಟ್ವಾಳ ಪೇಟೆಯಲ್ಲಿ ಟಿ.ವಿ. ಇದ್ದ ಮನೆಗಳೇ ಕಡಿಮೆ. ಇದ್ದ ಮನೆಗಳ ಪೈಕಿ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಸೊಸೆ ಅದನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಮನೆ ಸರಸಕ್ಕನದ್ದೊಂದೇ. ಸಿನಿಮಾ ನೋಡಲು ಕೂತಿದ್ದರೆ ಸರಸಕ್ಕನೂ ಪಕ್ಕದಲ್ಲಿ ಕೂರುತ್ತಿದ್ದರು. ಸೊಸೆ ಶಶಿಪ್ರಭಾ ಹಾಗಲ್ಲ. ಗಂಡ ಶಂಭು ಬಹ್ರೈನಿನಿಂದ ತಂದುಕೊಟ್ಟಿದ್ದ ಕಂಪ್ಯೂಟರನ್ನು ಟಿ.ವಿ.ಗೆ ಸಿಕ್ಕಿಸಿ, ಅದರ ರಬ್ಬರು ಗುಂಡಿಗಳನ್ನು ಒತ್ತುತ್ತಾ, ಪರದೆಯ ಮೇಲೆ ಇಂಗ್ಲಿಷಿನ ಸಾಲುಗಳನ್ನು ಒಂದರ ಕೆಳಗೊಂದು ಇಳಿಸುತ್ತಾ ಕೂತುಬಿಡುತ್ತಿದ್ದಳು.

ಕಂಪ್ಯೂಟರೆಂದರೆ ದೊಡ್ಡದೇನಲ್ಲ. ಶಾಲೆಯ ಸ್ಲೇಟಿನಷ್ಟು ಅಗಲ, ಕರಿ ಬಣ್ಣ. ಪಕ್ಕದಲ್ಲಿ ಮನೆಯ ಟೇಪ್ ರೆಕಾರ್ಡರು. ಶಶಿ ಬರೆದದ್ದೆಲ್ಲ ಕ್ಯಾಸೆಟ್ಟಿಗೆ ಹೋಗಬೇಕು, ಮರುದಿನ ಕ್ಯಾಸೆಟ್ಟಿನಿಂದ ಹಿಂದೆ ಬರಬೇಕು. ಹಾಗೆ ಬರುವಾಗ ಅದು ಕಿವಿ ಹರಿಯುವಂತೆ ಕಿರಿಚುತ್ತಿತ್ತು.

"ಶಶೀ, ಅದರ ಬಾಯಿ ಮುಚ್ಚಿಸು ಮಾರಾಯ್ತಿ. ಮೀನಿನವಳು ಕೂಗಿದ್ದೇ ಕೇಳಿಸ್ಲಿಲ್ಲ. ಬಂಗುಡೆ ಬೇರೆ ಮನೆಗೆ ಹೋಯ್ತು."

"ಈಗ ಮುಗೀತದೆ ಅತ್ತೆ. ಅದು ಓದ್ತಾ ಉಂಟು."

"ಓದುದಾದ್ರೆ ಮನಸ್ಸಿನಲ್ಲೇ ಓದ್ಲಿಕ್ಕೆ ಹೇಳು."

ಶಶಿಯ ತವರು ಮೂಡುಬಿದಿರೆ ಹತ್ತಿರದ ಬೆಳುವಾಯಿ. ಉಜಿರೆಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿದವಳು. ಕಂಪ್ಯೂಟರನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಡಬ್ಬಿಯೊಳಗೆ ಒಂದು ಪುಸ್ತಕ ಬಂದಿತ್ತು. ಅದನ್ನು ಹೊಸ ರುಚಿಯ ಪುಸ್ತಕ ನೋಡಿ ಅಡಿಗೆ ಮಾಡುವವರ ಹಾಗೆ ಎದುರಿಗಿಟ್ಟುಕೊಂಡು ಮಾಡುತ್ತಾ ಹೋದಳು. ಮಾವ ರಮಾನಾಥ ಶೆಟ್ಟರು ಹೈಸ್ಕೂಲು ಮಾಸ್ತರಾಗಿ ನಿವೃತ್ತರಾದವರು. ಸಂಜೆಯ ವಾರ್ತೆಯ ಹೊತ್ತಿಗೆ ಟಿ.ವಿ. ಬಿಟ್ಟುಕೊಟ್ಟರೆ ಅವರ ತಕರಾರಿರಲಿಲ್ಲ.

ಆ ಭಾನುವಾರ ಸರಸಕ್ಕನ ದೊಡ್ಡಮ್ಮನ ಮಗ ರುಕ್ಮಯ್ಯ ಶೆಟ್ಟರು ಊಟಕ್ಕೆ ಬಂದಿದ್ದರು. ಪೇಟೆಯಲ್ಲಿ ಅವರದ್ದು ಬೀಡಿ ಬ್ರ್ಯಾಂಚು. ಸುತ್ತಲಿನ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಕೊಡುವುದು, ಕಟ್ಟಿ ತಂದ ಬೀಡಿ ತೆಗೆದುಕೊಳ್ಳುವುದು, ಶನಿವಾರ ಕೂಲಿ ಬಟವಾಡೆ ಮಾಡುವುದು. ಕೋಳಿ ಸಾರಿನಲ್ಲಿ ರೊಟ್ಟಿ ನೆನೆಸುತ್ತಾ ಅವರು ಟಿ.ವಿ. ಕಡೆ ನೋಡಿದರು.

"ಇಂಥದ್ದು ನಮ್ಮಲ್ಲೂ ಉಂಟು ಭಾವ. ಮಗ ದುಬೈಯಿಂದ ತಂದದ್ದು. ಮಕ್ಕಳು ಅದರಲ್ಲಿ ಕಪ್ಪೆ ಹಾರಿಸುವ ಆಟ ಆಡ್ತಾರೆ. ಶಶೀ, ನೀನೂ ಕಪ್ಪೆ ಹಾರಿಸುದಾ?"

"ಇಲ್ಲ ರುಕ್ಮಯ್ಯ ಮಾವ. ಲೆಕ್ಕ ಮಾಡಿಸ್ತೇನೆ. ಹಾಲಿನವನದ್ದು, ಕರೆಂಟಿನದ್ದು. ಖುಷಿಗೆ."

"ಬೀಡಿ ಲೆಕ್ಕ ಮಾಡ್ತದಾ ಅದು? ನನ್ನ ಗುಮಾಸ್ತ ಗುರುವಾರ ತಲೆ ಕೆರೀಲಿಕ್ಕೆ ಶುರು ಮಾಡಿದ್ರೆ ಶನಿವಾರ ಮಧ್ಯಾಹ್ನಕ್ಕೂ ಮುಗಿಯುದಿಲ್ಲ. ಹೆಂಗಸರು ಹೊರಗೆ ನಿಂತು ನನ್ನ ಜಾತಕ ಓದ್ತಾರೆ."

"ಮಾಡ್ತದೆ. ಮಾಡುವ ಹಾಗೆ ಬರೀಬೇಕು. ಒಂದು ತಿಂಗಳ ಕೆಲಸ ಉಂಟು ಮಾವ." ಸಾರು ಬಡಿಸುವ ಸೌಟನ್ನು ಹಿಡಿದೇ ಶಶಿ ಮುಂದುವರಿಸಿದಳು. "ಒಂದೂವರೆ ಸಾವಿರ ಆದೀತು."

ರುಕ್ಮಯ್ಯ ದೊಡ್ಡದಾಗಿ ನಕ್ಕರು. "ಅದೆಲ್ಲ ಮತ್ತೆ ನೋಡುವ. ಮನೆಯೊಳಗಿನ ಮಾತು. ಮೊದಲು ಆಗ್ಲಿ."

ರಮಾನಾಥ ಶೆಟ್ಟರು, "ಭಾವನಿಗೆ ಇನ್ನೊಂದು ತುಂಡು ಹಾಕು," ಎಂದರು. ಅಡಿಗೆಮನೆಗೆ ಬಂದ ಮೇಲೆ ಸರಸಕ್ಕ ಸೊಸೆಯನ್ನು ತಡೆದು ನಿಲ್ಲಿಸಿದರು.

"ಊಟಕ್ಕೆ ಕೂತವರ ಹತ್ರ ದುಡ್ಡಿನ ಮಾತಾಡ್ತಾರಾ? ಅವ ನನ್ನ ಅಣ್ಣ."

"ಮತ್ತೆ ಯಾವಾಗ ಮಾತಾಡುದು ಅತ್ತೆ? ಕೆಲಸ ಹೇಳಿದ್ದೂ ಊಟಕ್ಕೆ ಕೂತೇ ಅಲ್ವಾ?"

ಸರಸಕ್ಕ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡು ತಾವೇ ಬಡಿಸಲು ಹೋದರು.

ಮರುವಾರದಿಂದ ಶಶಿ ಬ್ರ್ಯಾಂಚಿಗೆ ಹೋಗತೊಡಗಿದಳು. ಬೆಳಿಗ್ಗೆ ನೀರುದೋಸೆ ಹುಯ್ದು, ಮಾವನ ಅಂಗಿ ಒಗೆದು, ಹತ್ತು ಗಂಟೆಗೆ ಕೊಡೆ ಹಿಡಿದು ಹೊರಟರೆ ಊಟದ ಹೊತ್ತಿಗೆ ವಾಪಸ್ಸು. ಮೈಯೆಲ್ಲ ಹೊಗೆಸೊಪ್ಪಿನ ವಾಸನೆ. ಅವಳು ಅಲ್ಲಿ ಏನು ಮಾಡುತ್ತಾಳೆಂದು ಸರಸಕ್ಕನಿಗೆ ತಿಳಿದದ್ದು ಕಾಂತಿಯಿಂದ. ಕಾಂತಿ ದಿನಾ ಬೆಳಿಗ್ಗೆ ಬಂದು ಅಂಗಳ ಗುಡಿಸಿ ಹೋಗುವವಳು; ಉಳಿದ ಹೊತ್ತು ಬೀಡಿ ಕಟ್ಟುವವಳು.

"ನಿಮ್ಮ ಸೊಸೆ ನಮ್ಮೊಟ್ಟಿಗೆ ನೆಲದಲ್ಲೇ ಕೂತ್ಕೊಳ್ತಾರೆ ಸರಸಕ್ಕ. ಧಣಿಗಳು ಕುರ್ಚಿ ಹಾಕಿಸಿದ್ರು, ಬೇಡ ಅಂದ್ರು. ಎಷ್ಟು ಎಲೆ ಕೊಡ್ತಾರೆ, ಎಷ್ಟು ಹಾಳಾಗ್ತದೆ, ಪಿ.ಎಫ್. ಎಷ್ಟು ಹಿಡೀತಾರೆ, ಎಲ್ಲ ಕೇಳ್ತಾರೆ. ರಿಜೆಕ್ಟ್ ಮಾಡಿದ ಬೀಡಿ ಎಲ್ಲಿಗೆ ಹೋಗ್ತದೆ ಅಂತಲೂ ಕೇಳಿದ್ರು."

"ಎಲ್ಲಿಗೆ ಹೋಗ್ತದೆ?"

"ಎಲ್ಲಿಗೆ ಹೋಗುದು? ಅಲ್ಲೇ ಬುಟ್ಟಿಯಲ್ಲಿ ಉಳೀತದೆ. ನಮಗೆ ಕೂಲಿಯೂ ಇಲ್ಲ, ಬೀಡಿಯೂ ಇಲ್ಲ." ಕಾಂತಿ ಹಿಡಿಸೂಡಿ ನೆಲಕ್ಕೆ ಕುಟ್ಟಿ ಸಮ ಮಾಡಿಕೊಂಡಳು. "ನಿಮ್ಮ ಅಣ್ಣನಿಗೆ ಹೇಳ್ಬೇಡಿ ಮತ್ತೆ."

ಈ ನಡುವೆ ಊರಿಗೆ ಬಂದ ಯಾರದೋ ಕೈಯಲ್ಲಿ ಶಂಭುವಿನ ಕ್ಯಾಸೆಟ್ಟು ಬಂತು. ಶಂಭುವಿಗೆ ಕಾಗದ ಬರೆಯುವುದೆಂದರೆ ಆಗದು. ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದ. ಒಂದು ಬದಿ ಮನೆಯವರಿಗೆಲ್ಲ, ಇನ್ನೊಂದು ಬದಿ ಶಶಿಗೆ ಮಾತ್ರ. ಕೇಳಿಯಾದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಇವರು ಮಾತಾಡಿ ತಿರುಗಿ ಕಳಿಸುವುದು. ಹೀಗೆ ಒಂದೆರಡು ಕ್ಯಾಸೆಟ್ಟು ಬಂಟ್ವಾಳಕ್ಕೂ ಬಹ್ರೈನಿಗೂ ತಿರುಗುತ್ತಲೇ ಇದ್ದವು.

ಎಲ್ಲರೂ ಹಜಾರದಲ್ಲಿ ಕೂತು ಕೇಳಿದರು. ಅಪ್ಪನ ಮಂಡಿನೋವು, ಅಮ್ಮನ ಉಪ್ಪಿನಕಾಯಿ ಎಲ್ಲ ಮುಗಿದ ಮೇಲೆ ಶಂಭುವಿನ ದನಿ ಸ್ವಲ್ಪ ಗಂಭೀರವಾಯಿತು. "ಶಶೀ, ನಿನ್ನಪ್ಪ ಮಂಗಳೂರಿನಲ್ಲಿ ಬಿ.ಎಡ್. ಸೀಟು ನೋಡಿದ್ದಾರಂತೆ. ನಾನು ಹೇಳುದು ಇಷ್ಟೇ. ರುಕ್ಮಯ್ಯ ಮಾವನಂಥವರು ನಿನ್ನ ಈ ಕೆಲಸಕ್ಕೆ ದುಡ್ಡು ಕೊಟ್ರೆ ನಾನು ಮೇ ತಿಂಗಳಲ್ಲಿ ಬರುವಾಗ ಪ್ರಿಂಟರ್ ತರ್ತೇನೆ. ನೀನು ಇದನ್ನೇ ಮಾಡು. ಅವರೂ ಕೊಡದಿದ್ರೆ ಮತ್ತೆ ಬಂಟ್ವಾಳದಲ್ಲಿ ಯಾರೂ ಕೊಡುದಿಲ್ಲ. ಕಂಪ್ಯೂಟರ್ ಮಾರುವ, ನೀನು ಬಿ.ಎಡ್.ಗೆ ಹೋಗು."

"ಸರಿಯಾಗಿಯೇ ಹೇಳಿದ್ದಾನೆ," ಎಂದರು ರಮಾನಾಥ ಶೆಟ್ಟರು. "ಟೀಚರ್ ಕೆಲಸಕ್ಕೆ ಮರ್ಯಾದೆ ಉಂಟು."

ಶಶಿ ಟೇಪ್ ರೆಕಾರ್ಡರನ್ನು ಎತ್ತಿಕೊಂಡು ಎರಡನೇ ಬದಿ ಕೇಳಲು ತನ್ನ ಕೋಣೆಗೆ ಹೋದಳು.

ಬೀಡಿ ಲೆಕ್ಕ ಒಂದು ಹದಕ್ಕೆ ಬರುವ ಹೊತ್ತಿಗೆ ಬೆಳುವಾಯಿಯಲ್ಲಿ ಶಶಿಯ ಚಿಕ್ಕಮ್ಮನ ಮಗಳ ಸೀಮಂತ. ಅವಳು ಎರಡು ದಿನಕ್ಕೆಂದು ಹೋದಳು. ರಮಾನಾಥ ಶೆಟ್ಟರು ಪೆನ್ಶನ್ನಿಗೆ ಬ್ಯಾಂಕಿಗೆ ಹೋಗಿದ್ದರು. ಮನೆ ಖಾಲಿ. ಸರಸಕ್ಕನಿಗೆ ಮಗನೊಡನೆ ಮನಸ್ಸು ಬಿಚ್ಚಿ ಮಾತಾಡಬೇಕೆನಿಸಿತು. ಟೇಪ್ ರೆಕಾರ್ಡರಿನ ಹತ್ತಿರ 'ಶಂಭು' ಎಂದು ಬರೆದ ಕ್ಯಾಸೆಟ್ಟು ಇತ್ತು. ಕೇಳಿ ಆದದ್ದು, ಇನ್ನು ಉತ್ತರ ತುಂಬಿಸುವುದೇ ಬಾಕಿ ಎಂದುಕೊಂಡು ಕೆಂಪು ಗುಂಡಿ ಒತ್ತಿ ಕೂತರು. ಅರ್ಧ ಗಂಟೆ ಮಾತಾಡಿದರು.

ಬೆಳುವಾಯಿಯಿಂದ ಬಂದ ಶಶಿ ಸೀರೆ ಬದಲಾಯಿಸಿ ನೇರ ಟಿ.ವಿ.ಯ ಮುಂದೆ ಕೂತಳು. ಕ್ಯಾಸೆಟ್ಟು ಹಾಕಿದಳು. ಸರಸಕ್ಕ ಒಳಗೆ ಹುರುಳಿ ಆರಿಸುತ್ತಾ ಕಿರಿಚುವುದನ್ನು ಕಾಯುತ್ತಿದ್ದರು. ಕಿರಿಚಲಿಲ್ಲ. ಬದಲಿಗೆ ಹಜಾರದಿಂದ ಅವರದೇ ದನಿ ಕೇಳಿತು.

"ಮಗಾ ಶಂಭೂ, ಅಮ್ಮ ಮಾತಾಡುದು. ಹೇಗಿದ್ದೀ? ಇಲ್ಲಿ ಮೀನಿಗೆ ಬಂಗಾರದ ರೇಟು. ನಿನ್ನ ಹೆಂಡತಿಯ ವಿಷಯ ಎಂತ ಹೇಳುದು. ಕೆಲಸಕ್ಕೆ ತೊಂದರೆ ಇಲ್ಲ, ಕೈ ಚುರುಕು ಉಂಟು. ಆದ್ರೆ ಮಧ್ಯಾಹ್ನ ಆದ್ರೆ ಆ ಪೆಟ್ಟಿಗೆ. ನೀನು ಬಂದಾಗ ಅದನ್ನೊಂದು ಮಾರಿಬಿಡು..."

ಸರಸಕ್ಕ ಮೊರ ಕೆಳಗಿಟ್ಟು ಹಜಾರದ ಬಾಗಿಲಿಗೆ ಬಂದರು. ಶಶಿ ಕ್ಯಾಸೆಟ್ಟು ನಿಲ್ಲಿಸಿರಲಿಲ್ಲ. ಬೆನ್ನು ಹಾಕಿ ಕೂತು ಕೊನೆಯವರೆಗೂ ಕೇಳಿದಳು. ಅದಾದ ಮೇಲೆ ಬದಿ ತಿರುಗಿಸಿ ನೋಡಿದಳು. ಅಲ್ಲಿಯೂ ಲೆಕ್ಕ ಇರಲಿಲ್ಲ.

"ಅತ್ತೆ, ಇದು ಹಳೇ ಕ್ಯಾಸೆಟ್. ಹೊಸದಕ್ಕೆ ದುಡ್ಡು ಯಾಕೆ ಅಂತ ನಾನು ಇದರಲ್ಲೇ ಬೀಡಿ ಲೆಕ್ಕ ಇಟ್ಟಿದ್ದೆ. ಮೇಲಿನ ಹೆಸರು ಅಳಿಸ್ಲಿಲ್ಲ."

"ಈಗ ಅದು ಎಲ್ಲಿ ಉಂಟು?"

"ಎಲ್ಲಿಯೂ ಇಲ್ಲ. ನೀವು ಮಾತಾಡಿದಷ್ಟೂ ಅಳಿದು ಹೋಗ್ತದೆ."

ಸರಸಕ್ಕ ಕ್ಯಾಸೆಟ್ಟನ್ನು ತೆಗೆದು ಮೇಲಿನ ಹೆಸರು ನೋಡಿದರು. ಬ್ರ್ಯಾಂಚಿನ ನೆಲದಲ್ಲಿ ಕೂತು ಕಲಿತದ್ದು, ದಿನದಿನವೂ ಕಣ್ಣು ಕಿರಿದು ಮಾಡಿಕೊಂಡು ಬರೆದದ್ದು, ಅಷ್ಟನ್ನೂ ತಾನು ಮೀನಿನ ರೇಟು ಹೇಳಿ ಒರೆಸಿಬಿಟ್ಟೆನಲ್ಲ. ಅದೂ ಸಾಲದೆಂದು ಸೊಸೆಯ ಮೇಲಿನ ದೂರು ಬೇರೆ.

"ಬೈಯಬಾರದಾ ನನಗೆ?"

"ಬೈದ್ರೆ ವಾಪಸ್ ಬರ್ತದಾ ಅತ್ತೆ?" ಶಶಿ ಎದ್ದಳು. "ಹುರುಳಿ ಆರಿಸಿ ಆಯ್ತಾ? ನಾನು ಒಲೆ ಹಚ್ತೇನೆ."

ರಾತ್ರಿ ಎಲ್ಲರ ಒಟ್ಟಿಗೆ ಕೂತು ಉಂಡಳು. ಮಾವನಿಗೆ ಸೀಮಂತದ ಸುದ್ದಿ ಹೇಳಿದಳು. ಮರುದಿನ ಮಧ್ಯಾಹ್ನ ಶಶಿ ಪುನಃ ಟಿ.ವಿ.ಯ ಎದುರು ಕೂತಾಗ ಸರಸಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಪಕ್ಕಕ್ಕೆ ಬಂದು ನಿಂತರು.

"ಬೆಳಿಗ್ಗೆ ಅಡಿಗೆ, ಒಗೆಯುದು ಎಲ್ಲ ಇನ್ನು ನನಗಿರಲಿ. ನೀನು ಬೆಳಿಗ್ಗೆಯೇ ಕೂತ್ಕೊ."

"ನಿಮಗೆ ಬೆನ್ನು ನೋವುಂಟು."

"ಇರಲಿ. ನನ್ನ ಬೆನ್ನು ನನಗೆ ಗೊತ್ತುಂಟು."

ಹಾಗೆ ಹದಿನೈದು ದಿನ ನಡೆಯಿತು. ಸರಸಕ್ಕ ಪಲ್ಯ ಒಗ್ಗರಿಸಿ ಬಂದು ನೋಡುವರು. ಶಶಿ ಒಂದು ಸಾಲು ಬರೆದು ಹಣೆ ತಿಕ್ಕಿಕೊಳ್ಳುತ್ತಿರುವಳು. ಕರೆಂಟು ಹೋಗುವುದು. ಕ್ಯಾಸೆಟ್ಟಿಗೆ ಹಾಕದೆ ಉಳಿದದ್ದೆಲ್ಲ ಅದರೊಟ್ಟಿಗೇ ಹೋಗುವುದು. ಶಶಿ ಒಮ್ಮೆ ಕಣ್ಣು ಮುಚ್ಚಿ, ಕರೆಂಟು ಬರುವವರೆಗೆ ತೆಂಗಿನಕಾಯಿ ತುರಿದು, ಬಂದ ಕೂಡಲೇ ಹೋದಷ್ಟನ್ನು ಪುನಃ ಬರೆಯುವಳು. ಪರೀಕ್ಷೆಗೆಂದು ಕಾಂತಿಯ ಮತ್ತು ಅವಳ ಓಣಿಯ ಜುಲೈಕಾ ಮುಂತಾದ ಹೆಂಗಸರ ಬೀಡಿ ಲೆಕ್ಕದ ಪಾಸುಪುಸ್ತಕ ತರಿಸಿದಾಗ ಸರಸಕ್ಕನೇ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕೆ ಓದಿ ಹೇಳಿದರು. ಶಶಿ ಒತ್ತಿದಳು. ಪರದೆಯ ಮೇಲೆ ಕೂಲಿ ಮೂಡಿತು. ಪುಸ್ತಕದಲ್ಲಿ ಇದ್ದಷ್ಟೇ ಇತ್ತು.

"ಕಾಂತಿದು ಸರಿ ಬಂತು ಶಶೀ."

"ಜುಲೈಕಾಳದ್ದು ತಪ್ಪು ಬಂತು. ಅವಳು ರಜೆ ಹಾಕಿದ ವಾರವನ್ನು ನಾನು ಲೆಕ್ಕಕ್ಕೆ ತೆಗೊಳ್ಲಿಲ್ಲ. ಇರಿ."

"ಮೊದಲಿನದ್ದರಲ್ಲಿ ಇದು ಸರಿ ಇತ್ತಾ?"

"ಇಲ್ಲ ಅತ್ತೆ. ಮೊದಲಿನದ್ದಕ್ಕಿಂತ ಇದೇ ಚೆನ್ನಾಗಿ ಆಗ್ತಾ ಉಂಟು."

ಸಮಾಧಾನಕ್ಕೆ ಹೇಳಿದಳೋ ನಿಜವೋ ಎಂದು ಸರಸಕ್ಕ ಅವಳ ಮುಖ ನೋಡಿದರು. ಅವಳಿಗೆ ಆಗಲೇ ಸರಸಕ್ಕನ ನೆನಪಿರಲಿಲ್ಲ. ಕಣ್ಣು ಜುಲೈಕಾಳ ರಜೆಯ ಮೇಲಿತ್ತು. ಹಾಳಾದ ಕೆಲಸವನ್ನು ಮೊದಲಿನಿಂದ ಹಿಡಿದು, ಹಾಳು ಮಾಡಿದವರ ಮುಖಕ್ಕೆ ಒಮ್ಮೆಯೂ ಎತ್ತಿ ಆಡದೆ, ಮೊದಲಿಗಿಂತ ಚೆನ್ನಾಗಿ ಮಾಡುವವರನ್ನು ಸರಸಕ್ಕ ತನ್ನ ಆಯುಷ್ಯದಲ್ಲಿ ಎಷ್ಟು ಮಂದಿ ನೋಡಿದ್ದರು? ಲೆಕ್ಕ ಹಾಕಿದರು. ಬೆರಳು ಮಡಿಸಲು ಯಾರೂ ಸಿಗಲಿಲ್ಲ.

ಎಲ್ಲ ಮುಗಿದ ದಿನ ಶಶಿ ಹೊಸ ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಪ್ಲಾಸ್ಟಿಕ್ಕಿನ ತುಂಡನ್ನು ಚಾಕುವಿನಿಂದ ಮುರಿದು ತೋರಿಸಿದಳು. "ಇನ್ನು ನೀವು ಎಷ್ಟು ಕೆಂಪು ಗುಂಡಿ ಒತ್ತಿದ್ರೂ ಇದರ ಮೇಲೆ ಮಾತಾಡ್ಲಿಕ್ಕೆ ಆಗುದಿಲ್ಲ ಅತ್ತೆ."

"ಇದನ್ನು ಮೊದಲೇ ಮುರೀಬಾರದಿತ್ತಾ?"

"ಮುರೀಬೇಕಿತ್ತು," ಎಂದು ಶಶಿ ನಕ್ಕಳು. ಇಬ್ಬರೂ ನಕ್ಕರು.

ರುಕ್ಮಯ್ಯ ಶೆಟ್ಟರ ಬ್ರ್ಯಾಂಚಿನಲ್ಲಿ ಆ ಶನಿವಾರ ಬಟವಾಡೆ ಹನ್ನೊಂದು ಗಂಟೆಗೇ ಮುಗಿಯಿತು. ಮಕ್ಕಳ ಕಪ್ಪೆಯ ಪೆಟ್ಟಿಗೆಯನ್ನು ಗುಮಾಸ್ತನ ಮೇಜಿಗೆ ತಂದು, ಹಳೆಯದೊಂದು ಟಿ.ವಿ.ಗೆ ಜೋಡಿಸಿ, ಶಶಿ ಅವನಿಗೆ ಒತ್ತುವುದನ್ನೆಲ್ಲ ಕಲಿಸಿದ್ದಳು. ಭಾನುವಾರ ರಿಕ್ಷಾದಲ್ಲಿ ಒಂದು ಬಾಳೆಗೊನೆ, ಹುಲ್ಲು ಸುತ್ತಿ ಕಟ್ಟಿದ ಅರ್ಧ ಮುಡಿ ಅಕ್ಕಿ, ಮತ್ತು ಮಂಗಳೂರಿನ ಅಂಗಡಿಯ ಚೀಲದಲ್ಲಿ ಒಂದು ರೇಷ್ಮೆ ಸೀರೆ ಬಂತು. ರಮಾನಾಥ ಶೆಟ್ಟರು ಸೀರೆಯ ಅಂಚು ಮುಟ್ಟಿ ನೋಡಿ ಸಂತೋಷಪಟ್ಟರು.

"ನೋಡು, ಭಾವನ ಕೈ ದೊಡ್ಡದು," ಎಂದರು ಊಟಕ್ಕೆ ಕೂತಾಗ.

"ಚೆಂದ ಉಂಟು ಮಾವ. ಉಡ್ತೇನೆ," ಎಂದಳು ಶಶಿ. "ಇದು ರುಕ್ಮಯ್ಯ ಮಾವ ಸೊಸೆಗೆ ಕೊಟ್ಟದ್ದು. ಲೆಕ್ಕ ಮಾಡಿದವಳಿಗೆ ಕೊಡುದು ಇನ್ನೂ ಬಾಕಿ ಉಂಟು."

"ಅಂದ್ರೆ? ಇನ್ನೂ ಕೇಳ್ತೀಯಾ?"

"ಕೇಳಿದ್ದೆ. ಮತ್ತೆ ನೋಡುವ ಅಂದಿದ್ರು."

"ಸೀರೆ ಕೊಟ್ಟವರ ಹತ್ರ ದುಡ್ಡು ಕೇಳುದು ನಮ್ಮ ಮನೆಯಲ್ಲಿ ಇಲ್ಲ. ನಾಳೆ ನಾನು ಅವರ ಮುಖ ನೋಡುದು ಬೇಡ್ವಾ?"

"ನೀವು ನೋಡಿ ಮಾವ. ನಾನು ಕೇಳ್ತೇನೆ."

ರಮಾನಾಥ ಶೆಟ್ಟರು ಅರ್ಧ ಊಟದಲ್ಲಿ ಕೈ ತೊಳೆದರು. ಮೊದಲಿನ ಸರಸಕ್ಕನಾಗಿದ್ದರೆ ಸೊಸೆಗೆ ಎರಡು ಮಾತು ಬೀಳುತ್ತಿತ್ತು. ಈಗ ಅವರು ಬಟ್ಟಲಿನಲ್ಲಿ ಉಳಿದಿದ್ದ ಬಸಳೆ ಪದಾರ್ಥವನ್ನು ಸೊಸೆಯ ತಟ್ಟೆಗೆ ಬಗ್ಗಿಸಿದರು.

ಗುರುವಾರ ಕಾಂತಿ ಇನ್ನೊಂದು ಸುದ್ದಿ ತಂದಳು. "ನಿಮ್ಮ ಕ್ಯಾಸೆಟ್ಟು ಮೂಡುಬಿದಿರೆಗೂ ಹೋಯ್ತು, ಬೆಳ್ತಂಗಡಿಗೂ ಹೋಯ್ತು ಶಶಿಯಕ್ಕ. ಯಕ್ಷಗಾನದ ಕ್ಯಾಸೆಟ್ ತುಂಬಿಸಿ ಕೊಡುವ ಅಂಗಡಿ ಉಂಟಲ್ಲ, ಧಣಿಗಳು ಅಲ್ಲಿ ಎರಡು ಕಾಪಿ ಮಾಡಿಸಿದ್ರು. ಇಂಥದ್ದೇ ಪೆಟ್ಟಿಗೆ ಇರುವ ಸ್ನೇಹಿತರಿಗೆ ಕೊಟ್ಟು ಬಹಳ ಹೊಗಳಿದ್ರು ನಿಮ್ಮನ್ನು."

ಶಶಿ ಅರೆಯುತ್ತಿದ್ದದ್ದನ್ನು ನಿಲ್ಲಿಸಿದಳು. "ಈಗ ನನ್ನ ಕೆಲಸ ಮೂರು ಊರಲ್ಲಿ ಉಂಟು ಅತ್ತೆ. ದುಡ್ಡು ಒಂದೂರಲ್ಲೂ ಇಲ್ಲ," ಎಂದಳು. ದನಿಯಲ್ಲಿ ಅಳು ಇತ್ತು. ಅತ್ತದ್ದನ್ನು ಸರಸಕ್ಕ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ರುಕ್ಮಯ್ಯ ತಾವಾಗಿಯೇ ಬಂದರು. ಜೊತೆಗೆ ಬೆಳ್ತಂಗಡಿಯಲ್ಲಿ ಬ್ರ್ಯಾಂಚು ಇಟ್ಟಿರುವ ಅಬ್ದುಲ್ ರಹಿಮಾನ್ ಸಾಹುಕಾರರು. ಬಿಳಿ ಅಂಗಿ, ಮೆಲು ಮಾತು. ರಮಾನಾಥ ಶೆಟ್ಟರು ಪೇಪರು ಬದಿಗಿಟ್ಟು ಇಬ್ಬರನ್ನೂ ಕೂರಿಸಿದರು.

"ಇವಳೇ ನಮ್ಮ ಹುಡುಗಿ," ಎಂದರು ರುಕ್ಮಯ್ಯ. "ಶಶೀ, ಇವರಲ್ಲಿ ಹೆಂಗಸರು ಜಾಸ್ತಿ. ನಿನ್ನ ಲೆಕ್ಕ ಇನ್ನೂರು ಹೆಸರಿಗೆ ನಿಂತುಬಿಡ್ತದಂತೆ. ಅದನ್ನು ಸ್ವಲ್ಪ ಉದ್ದ ಮಾಡಿ ಕೊಡು. ನಾಡಿದ್ದಿಗೆ ಆದೀತಲ್ಲ?"

"ಅವಸರ ಇಲ್ಲ," ಎಂದರು ಅಬ್ದುಲ್ ರಹಿಮಾನ್. "ಎಷ್ಟಾಗ್ತದೆ ಅಂತ ಹೇಳಿದ್ರೆ ಒಳ್ಳೇದಿತ್ತು."

"ಎಂತ ಎಷ್ಟು? ಇದು ನಮ್ಮ ಮನೆ. ನಾನು ಹೇಳಿದ ಮೇಲೆ ಮುಗೀತು."

ಸರಸಕ್ಕ ಪುನರ್ಪುಳಿ ಶರಬತ್ತಿನ ಲೋಟಗಳನ್ನು ತಂದಿಟ್ಟರು. ಒಳಗೆ ಹೋಗಬೇಕಾದವರು ಹೋಗಲಿಲ್ಲ. ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನಿಂತರು.

"ಅಣ್ಣ, ನೀನು ಕಾಂತಿಗೆ ಎಲೆ, ಹೊಗೆಸೊಪ್ಪು ಕೊಡುವಾಗ ಸಾವಿರ ಬೀಡಿಗೆ ಇಷ್ಟು ಅಂತ ರೇಟು ಇದ್ದೇ ಕೊಡುದಲ್ವಾ?"

"ಅದು ಕೂಲಿ ಸರಸ. ಇದು ಬೇರೆ."

"ಬೇರೆ ಹೇಗೆ?"

"ಇವಳು ಖುಷಿಗೆ ಮಾಡಿದ್ದು. ಅವಳೇ ಹೇಳಿದ್ದಾಳೆ, ನನ್ನ ಎದುರೇ."

"ಹೇಳಿದ್ದೇನೆ ಮಾವ," ಎಂದಳು ಶಶಿ. ಗೋಡೆಗೆ ಒರಗಿದ್ದವಳು ನೆಟ್ಟಗೆ ನಿಂತಳು. "ಖುಷಿ ಈಗಲೂ ಉಂಟು. ಖುಷಿ ನನ್ನದು. ಲೆಕ್ಕ ನಿಮ್ಮದು. ನಿಮ್ಮ ಬ್ರ್ಯಾಂಚಿನಲ್ಲಿ ರಿಜೆಕ್ಟ್ ಬೀಡಿ ಉಂಟಲ್ಲ, ಅದಕ್ಕೆ ಕೂಲಿ ಇಲ್ಲ. ಆದ್ರೆ ಕಟ್ಟಿದವಳಿಗೆ ಅದು ವಾಪಸ್ ಕೂಡ ಸಿಗುದಿಲ್ಲ, ನಿಮ್ಮ ಬುಟ್ಟಿಯಲ್ಲೇ ಉಳೀತದೆ. ನನ್ನ ಕೆಲಸವೂ ಹಾಗೆ ಆಗಿದೆ. ಸರಿ ಇಲ್ಲದಿದ್ರೆ ತಿರುಗಿ ಕೊಡಿ, ನನಗೆ ಬೇಜಾರಿಲ್ಲ. ಸರಿ ಇದ್ರೆ ಆ ದಿನ ಹೇಳಿದ ಒಂದೂವರೆ ಸಾವಿರ. ಬೇರೆ ಬ್ರ್ಯಾಂಚಿನವರು ಇಟ್ಟುಕೊಳ್ಳುದಾದ್ರೆ ಅವರು ಐನೂರು."

ಅಬ್ದುಲ್ ರಹಿಮಾನ್ ಶರಬತ್ತಿನ ಲೋಟದೊಳಗೆ ನೋಡುತ್ತಾ ಮೀಸೆಯ ಅಡಿಯಲ್ಲಿ ನಕ್ಕರು. ರುಕ್ಮಯ್ಯನ ಮುಖ ಕೆಂಪಾಯಿತು.

"ಏನು ಭಾವ? ಕೇಳ್ತಾ ಕೂತಿದ್ದೀರಾ? ನಿಮ್ಮ ಮನೆಯ ಮಾತಾ ಇದು?"

ರಮಾನಾಥ ಶೆಟ್ಟರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು. ಈ ಮನುಷ್ಯ ಈಗ ಸೊಸೆಯನ್ನು ಒಳಗೆ ಕಳಿಸುತ್ತಾರೆ ಎಂದುಕೊಂಡರು ಸರಸಕ್ಕ.

"ನಾನು ಮೂವತ್ತು ವರ್ಷ ಪಾಠ ಮಾಡಿದವ ಭಾವ," ಎಂದರು ರಮಾನಾಥ ಶೆಟ್ಟರು ನಿಧಾನವಾಗಿ. "ಪಾಠ ಮಾಡ್ಲಿಕ್ಕೆ ನನಗೂ ಖುಷಿಯೇ ಇತ್ತು. ಆದ್ರೂ ಸಂಬಳ ಬೇಡ ಅಂತ ಒಂದು ತಿಂಗಳೂ ಹೇಳ್ಲಿಲ್ಲ."

ರುಕ್ಮಯ್ಯ ಎದ್ದರು. ಶರಬತ್ತು ಮುಟ್ಟಿರಲಿಲ್ಲ. "ಆಯ್ತು. ಕೂಲಿ ಬೇಕಾದ್ರೆ ಕೂಲಿ. ನಮ್ಮಲ್ಲಿ ಕೂಲಿ ಮನೆಬಾಗಿಲಿಗೆ ತಂದು ಕೊಡುದಿಲ್ಲ. ಶನಿವಾರ ಎಲ್ಲರ ಒಟ್ಟಿಗೆ ಸಾಲಲ್ಲಿ ಬಂದು ನಿಂತ್ರೆ ಸಿಗ್ತದೆ."

ಅಬ್ದುಲ್ ರಹಿಮಾನ್ ತನ್ನ ಲೋಟ ಪೂರ್ತಿ ಕುಡಿದು, ಚಪ್ಪಲಿ ಮೆಟ್ಟುವಾಗ ಶಶಿಗೆ ಮಾತ್ರ ಕೇಳುವಂತೆ ಹೇಳಿದರು: "ನಂದು ಈಗಲೇ ಕೊಡಬಹುದು ಮಗಳೇ. ಆದ್ರೆ ಸ್ನೇಹಿತ ಕೊಡುವ ಮೊದಲು ನಾನು ಕೊಟ್ರೆ ಅವರಿಗೆ ಅವಮಾನ. ಅವರದ್ದು ಆಗ್ಲಿ. ಮರುದಿನ ನಂದು."

ಆ ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಎಲ್ಲರೆದುರು ಸೊಸೆಯ ಪಕ್ಷ ಹಿಡಿದ ರಮಾನಾಥ ಶೆಟ್ಟರೇ ಈಗ ಹಟ ಹಿಡಿದರು. "ಬೇಡ. ಶೆಟ್ಟರ ಮನೆಯ ಸೊಸೆ ಬೀಡಿಯವರ ಸಾಲಲ್ಲಿ ನಿಲ್ಲುದಾ? ಅವನು ಬೇಕಂತಲೇ ಹಾಗೆ ಹೇಳಿದ್ದು. ಹೋದ್ರೆ ಅವನು ಗೆದ್ದ."

"ಹೋಗದಿದ್ರೂ ಅವನೇ ಗೆದ್ದ," ಎಂದರು ಸರಸಕ್ಕ. "ದುಡ್ಡು ಅವನ ಪೆಟ್ಟಿಗೆಯಲ್ಲೇ ಉಳೀತದೆ, ಶಶಿಯ ಕಂಪ್ಯೂಟರು ಮಾರಿ ಹೋಗ್ತದೆ."

"ನೀನೂ ಅವಳ ಒಟ್ಟಿಗೆ ಸೇರಿದ್ದೀ."

"ಸೇರಿ ಒಂದು ತಿಂಗಳಾಯ್ತು. ನಿಮಗೆ ಈಗ ಗೊತ್ತಾದದ್ದು."

ಶಶಿ ಇಬ್ಬರಿಗೂ ಗಂಜಿ ಬಡಿಸುತ್ತಾ ಹೇಳಿದಳು. "ಆ ಸಾಲಿನವರದ್ದೇ ಅಲ್ವಾ ಮಾವ ನಾನು ಲೆಕ್ಕ ಮಾಡಿದ್ದು? ಅವರೊಟ್ಟಿಗೆ ನೆಲದಲ್ಲಿ ಕೂತಿದ್ದೇನೆ. ನಿಲ್ಲುದು ಕೂತದ್ದಕ್ಕಿಂತ ಕಷ್ಟ ಅಲ್ಲ."

ಶನಿವಾರ ಅವಳು ದಿನಾ ಉಡುವ ಹತ್ತಿ ಸೀರೆಯನ್ನೇ ಉಟ್ಟು ಹೊರಟಳು. ಸರಸಕ್ಕ ಬಾಗಿಲು ಎಳೆದುಕೊಂಡು ಹಿಂದೆಯೇ ಇಳಿದರು.

"ನೀವು ಎಲ್ಲಿಗೆ ಅತ್ತೆ?"

"ನಡೆ ನೀನು. ಬಿಸಿಲು ಏರ್ತದೆ."

ಬ್ರ್ಯಾಂಚಿನ ಜಗಲಿಯಿಂದ ಸಾಲು ರಸ್ತೆಯವರೆಗೆ ಬಂದಿತ್ತು. ಅತ್ತೆ ಸೊಸೆ ಹೋಗಿ ಕೊನೆಯಲ್ಲಿ ನಿಂತಾಗ ಮಾತು ಒಮ್ಮೆ ನಿಂತಿತು. ಮುಂದಿನಿಂದ ಕಾಂತಿ ತಿರುಗಿ ನೋಡಿ, "ಇಲ್ಲಿ ಬನ್ನಿ ಶಶಿಯಕ್ಕ, ಜಾಗ ಉಂಟು," ಎಂದು ಕೂಗಿದಳು. ಶಶಿ ತಲೆಯಾಡಿಸಿ ಬೇಡವೆಂದಳು. ಎದುರಿದ್ದ ಜುಲೈಕಾ ತನ್ನ ಬುತ್ತಿ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ನಿಮ್ಮಿಂದಾಗಿ ನಾವು ಬೇಗ ಮನೆಗೆ ಹೋಗುದು. ನೀವೇ ಲೇಟು," ಎಂದು ನಕ್ಕಳು. ಮಾತು ಪುನಃ ಶುರುವಾಯಿತು. ಒಬ್ಬಳ ಎಮ್ಮೆ, ಒಬ್ಬಳ ಗಂಡ, ಈ ಸಲದ ಎಲೆಯಲ್ಲಿ ತೂತು ಜಾಸ್ತಿ.

ಕಿಟಕಿಯ ಒಳಗೆ ಗುಮಾಸ್ತ ಪರದೆ ನೋಡಿ ಹೆಸರು ಕೂಗುತ್ತಿದ್ದ. ಹಿಂದಿನ ಕುರ್ಚಿಯಲ್ಲಿ ಕೂತಿದ್ದ ರುಕ್ಮಯ್ಯ ಶೆಟ್ಟರು ಹೊರಗೆ ಕಣ್ಣು ಹಾಯಿಸಿದವರು, ತಂಗಿಯನ್ನು ಕಂಡು ಬಾಗಿಲಿಗೆ ಬಂದರು. ಸೊಸೆ ಬಂದಾಳು ಎಂದು ಅವರು ಎಣಿಸಿರಬಹುದು. ಸರಸಕ್ಕನನ್ನು ಎಣಿಸಿರಲಿಲ್ಲ.

"ಸರಸ, ನೀನು ಯಾಕೆ ಅಲ್ಲಿ? ಒಳಗೆ ಬಾ, ಕುರ್ಚಿ ಉಂಟು."

"ಬೇಡ ಅಣ್ಣ. ಸಾಲು ಮುಂದೆ ಹೋಗ್ತಾ ಉಂಟು."

"ಜನ ನೋಡ್ತಾರೆ ಮಾರಾಯ್ತಿ."

"ನೋಡ್ಲಿ. ಕೆಲಸ ಮಾಡಿ ಕೂಲಿಗೆ ನಿಂತದ್ದು. ನಾನು ಜೊತೆಗೆ ಬಂದದ್ದು ಅಷ್ಟೇ."

ರುಕ್ಮಯ್ಯ ಒಳಗೆ ಹೋದರು. ಸಾಲು ಒಂದೊಂದೇ ಹೆಜ್ಜೆ ಸರಿಯಿತು. ಕಾಂತಿ ದುಡ್ಡು ತೆಗೆದುಕೊಂಡು ಹೊರಡದೆ ಕಂಬಕ್ಕೆ ಒರಗಿ ನಿಂತಳು. ಜುಲೈಕಾಳ ಸರದಿ ಮುಗಿಯಿತು. ಶಶಿ ಕಿಟಕಿಗೆ ಬಂದಾಗ ಗುಮಾಸ್ತ ಪರದೆ ನೋಡಿದ, ಅವಳನ್ನು ನೋಡಿದ, ಧಣಿಯ ಕಡೆ ತಿರುಗಿದ. ಅವಳ ಹೆಸರು ಅವಳೇ ಬರೆದ ಲೆಕ್ಕದಲ್ಲಿ ಇರಲಿಲ್ಲ.

ರುಕ್ಮಯ್ಯ ಗುಮಾಸ್ತನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾವು ಕೂತರು. ಪೆಟ್ಟಿಗೆ ತೆರೆದು ನೂರರ ನೋಟುಗಳನ್ನು ಎರಡು ಸಲ ಎಣಿಸಿದರು. ಕಿಟಕಿಯ ಕೆಳಗಿನಿಂದ ದೂಡಿದರು.

"ಎಣಿಸು," ಎಂದರು. ಆ ಕಿಟಕಿಯಲ್ಲಿ ಎಲ್ಲರಿಗೂ ಹೇಳುವ ಮಾತು ಅದು.

ಶಶಿ ಅಲ್ಲೇ ನಿಂತು ಎಣಿಸಿದಳು. ಅವಸರ ಮಾಡಲಿಲ್ಲ.

"ಸರಿ ಉಂಟು ಮಾವ."

ರುಕ್ಮಯ್ಯ ಪೆಟ್ಟಿಗೆ ಮುಚ್ಚಿದರು. ಮುಖದ ಬಿಗಿ ಪೂರ್ತಿ ಹೋಗಿರಲಿಲ್ಲ. ಮುಂದಿನ ಹೆಸರು ಕೂಗಬೇಕಾದವರು ಕೂಗದೆ, ದನಿ ತಗ್ಗಿಸಿ ಕೇಳಿದರು. "ಏಪ್ರಿಲಿನಲ್ಲಿ ಕಂಪೆನಿಯ ರೇಟು ಬದಲಾಗ್ತದೆ. ಅದನ್ನು ಸರಿ ಮಾಡ್ಲಿಕ್ಕೆ ಎಷ್ಟು ತೆಗೊಳ್ತೀ?"

"ಎಷ್ಟು ಕೆಲಸ ಉಂಟು ಅಂತ ನೋಡ್ತೇನೆ ಮಾವ. ನೋಡಿ, ಶುರು ಮಾಡುವ ಮೊದಲು ಹೇಳ್ತೇನೆ. ಜಾಸ್ತಿ ಆಯ್ತು ಅನ್ನಿಸಿದ್ರೆ ಆಗಲೇ ಹೇಳಿ."

"ಹೇಳ್ತೇನೆ. ಹೇಳದೆ ಬಿಡ್ತೇನಾ?"

ಸರಸಕ್ಕ ಅಣ್ಣನನ್ನೂ ಸೊಸೆಯನ್ನೂ ನೋಡಿದರು. ಎರಡು ತಿಂಗಳಲ್ಲಿ ಇವರಿಬ್ಬರೂ ಸಮ ಸಮ ನಿಂತು ಮಾತಾಡಿದ್ದು ಇದೇ ಮೊದಲು ಎನಿಸಿತು. ಅಣ್ಣನಿಗೆ ಏನೋ ಹೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವರ ಹಿಂದೆ ಬಂದು ನಿಂತಿದ್ದ ಯಾರೋ ಹೆಂಗಸು, "ನಿಮ್ಮದು ಆದ್ರೆ ಸ್ವಲ್ಪ ಬದಿಗೆ ಸರೀರಿ ಅಕ್ಕ, ನಮಗೆ ಬಸ್ಸುಂಟು," ಎಂದಳು.

ಅತ್ತೆ ಸೊಸೆ ಇಬ್ಬರೂ ಬದಿಗೆ ಸರಿದು ಅವಳಿಗೆ ಜಾಗ ಬಿಟ್ಟರು.